ಮಂಗಳೂರು ವಿಮಾನ ನಿಲ್ದಾಣಕ್ಕೆ ಬೇಕಿರುವುದು ಉದ್ದದ ರನ್‌ವೇಯೋ, ಜಾಸ್ತಿ ವಿಮಾನವೋ?

ಬಂಟ್ವಾಳಿಗ
ನಮ್ಮ ಅಕ್ಕನ ಮನೆಯವರು ಈ ಸಲ ಕುವೈತ್‌ನಿಂದ ರಜೆಗೆ ಬರುವಾಗ ಕಣ್ಣೂರಿನಲ್ಲಿ ಇಳಿದರು. ಮನೆ ಇರುವುದು ಬಿ.ಸಿ.ರೋಡಿನಲ್ಲಿ! ಮಂಗಳೂರಿಗೆ ಟಿಕೆಟ್ ಜಾಸ್ತಿ, ಬೇಕಾದ ದಿನಕ್ಕೆ ಸೀಟೂ ಇರಲಿಲ್ಲ. ಕಾರು ಕಳಿಸಿ ಕರೆದುಕೊಂಡು ಬಂದೆವು. ಮಕ್ಕಳು ದಾರಿ ಪೂರ್ತಿ ವಾಂತಿ.

ಅವತ್ತಿನಿಂದ ಮನೆಯಲ್ಲಿ ಇದೇ ಚರ್ಚೆ. ಬಾವ ಹೇಳುವುದು, ರನ್‌ವೇ ಗಿಡ್ಡ, ಅದು ಉದ್ದ ಆಗುವವರೆಗೆ ಮಂಗಳೂರು ಹೀಗೇ ಇರುತ್ತದೆ ಅಂತ. ನನಗೆ ಅಷ್ಟು ಸುಲಭದ ಉತ್ತರ ಅನಿಸುವುದಿಲ್ಲ. ರಾಜ್ಯದಲ್ಲಿ ಬೆಂಗಳೂರು ಬಿಟ್ಟರೆ ಹೊರದೇಶಕ್ಕೆ ವಿಮಾನ ಇರುವುದು ಇಲ್ಲಿಂದ ಮಾತ್ರ. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು, ಕೊಡಗು, ಚಿಕ್ಕಮಗಳೂರಿನ ಒಂದು ಭಾಗ, ಇಷ್ಟು ಜಾಗದವರಿಗೆ ಇದೇ ದಿಕ್ಕು. ಹಾಗಿದ್ದೂ ಯಾಕೆ ಬೆಳೆಯುತ್ತಿಲ್ಲ? ಗೊತ್ತಿರುವವರು ಹೇಳಿ. ರಾಜಕೀಯ ಬೇಡ ದಯವಿಟ್ಟು.

ಪಂಪ್‌ವೆಲ್ ಪುರಾಣ
"ರಾಜಕೀಯ ಬೇಡ" ಅಂದಿದ್ದೀರಿ. ಹತ್ತನೇ ಕಮೆಂಟಿಗೆ ಬಂದೇ ಬರುತ್ತದೆ, ನೋಡಿ ಬೇಕಾದರೆ.

ಮಲೆನಾಡ ಮಳೆ
ರನ್‌ವೇ ಉದ್ದ ಇದ್ದರೆ ಎಲ್ಲ ಸರಿ ಹೋಗುತ್ತದೆ ಅನ್ನುವವರು ಒಮ್ಮೆ ನಮ್ಮ ಶಿವಮೊಗ್ಗಕ್ಕೆ ಬನ್ನಿ. 2023ರಲ್ಲಿ ಉದ್ಘಾಟನೆ ಆಯಿತು, ರನ್‌ವೇ 3,200 ಮೀಟರ್. ನಿಮ್ಮದಕ್ಕಿಂತ ಮುಕ್ಕಾಲು ಕಿಲೋಮೀಟರ್ ಉದ್ದ. ಹೊರದೇಶಕ್ಕೆ ಒಂದೂ ವಿಮಾನ ಇಲ್ಲ. ತೀರ್ಥಹಳ್ಳಿ ಕಡೆಯ ಗಲ್ಫ್‌ನವರು ಈಗಲೂ ಆಗುಂಬೆ ಇಳಿದು ನಿಮ್ಮ ಮಂಗಳೂರು ನಿಲ್ದಾಣ ಇರುವ ಬಜ್ಪೆಗೇ ಬರುತ್ತಾರೆ.

ರನ್‌ವೇ 24
ಮಲೆನಾಡ ಮಳೆ ಹೇಳಿದ್ದು ಸರಿ. ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮಂಗಳೂರಿನಲ್ಲಿ ಎರಡು ರನ್‌ವೇ ಇದೆ. ಹಳೆಯದು 1,615 ಮೀಟರ್, 2006ರಲ್ಲಿ ಶುರುವಾದದ್ದು 2,450 ಮೀಟರ್. ಗಲ್ಫ್‌ಗೆ ಹೋಗುವ ಬೋಯಿಂಗ್ 737, ಏರ್‌ಬಸ್ 320 ತರಹದ ವಿಮಾನಕ್ಕೆ ಈ ಉದ್ದ ಸಾಕು. ನಿತ್ಯ ಹೋಗುತ್ತಲೇ ಇವೆ. ಅಗಲದ ದೊಡ್ಡ ವಿಮಾನ ಇಳಿಸಲು ಸಾಲದು, ಅದು ನಿಜ. ಆದರೆ ದುಬೈ, ಅಬುಧಾಬಿ, ದೋಹಾ, ಮಸ್ಕತ್‌ಗೆ ದೊಡ್ಡ ವಿಮಾನವೇ ಬೇಕು ಅಂತ ಏನೂ ಇಲ್ಲ. ಮೂರೂವರೆ ಗಂಟೆಯ ದಾರಿ.

ನಿಜವಾದ ಗಂಟು ಬೇರೆ ಕಡೆ ಇದೆ. ಎಮಿರೇಟ್ಸ್, ಕತಾರ್ ಏರ್‌ವೇಸ್ ಕೊಚ್ಚಿಗೆ ಬರುತ್ತವೆ. ಏರ್ ಅರೇಬಿಯಾ, ಫ್ಲೈದುಬೈ ಸಣ್ಣ ವಿಮಾನದಲ್ಲೇ ಕೋಯಿಕ್ಕೋಡ್‌ಗೆ ಬರುತ್ತವೆ. ಅದೂ ನಮ್ಮ ಹಾಗೆ ಗುಡ್ಡದ ತಲೆಯ ಮೇಲಿರುವ ಟೇಬಲ್ ಟಾಪ್ ನಿಲ್ದಾಣ. ಮಂಗಳೂರಿಗೆ ಒಂದೂ ವಿದೇಶಿ ಕಂಪನಿ ಇಲ್ಲ. ಯಾಕೆಂದರೆ ಯಾವ ದೇಶದ ಕಂಪನಿ ನಮ್ಮ ಯಾವ ಊರಿಗೆ, ವಾರಕ್ಕೆ ಎಷ್ಟು ಸೀಟು ತರಬಹುದು ಅನ್ನುವುದು ಎರಡು ಸರ್ಕಾರಗಳ ಒಪ್ಪಂದದಲ್ಲಿ ಇರುತ್ತದೆ. ದುಬೈ ಜತೆಗಿನ ಒಪ್ಪಂದದಲ್ಲಿ ವಾರಕ್ಕೆ ಸುಮಾರು 65 ಸಾವಿರ ಸೀಟು, ಅದನ್ನು ಹೆಚ್ಚಿಸಿದ್ದು 2014ರಲ್ಲಿ. ಅವರ ಪಾಲಿನ ಸೀಟು ಮುಂಬೈ, ದೆಹಲಿ, ಬೆಂಗಳೂರು, ಕೊಚ್ಚಿಗೇ ಮುಗಿದುಹೋಗುತ್ತದೆ. ಹಾಗಾಗಿ ನಮಗೆ ಉಳಿಯುವುದು ಭಾರತದ ಕಂಪನಿಗಳು ಮಾತ್ರ. ಅವು ತಮಗೆ ಲಾಭ ಎಲ್ಲಿ ಜಾಸ್ತಿಯೋ ಅಲ್ಲಿ ವಿಮಾನ ಹಾಕುತ್ತವೆ. ಪೈಪೋಟಿ ಇಲ್ಲದ ಕಡೆ ದರ ಇಳಿಯುತ್ತದಾ?

ಬಂಟ್ವಾಳಿಗ
ಅಂದರೆ ರನ್‌ವೇ ನಾಳೆಯೇ ಉದ್ದ ಮಾಡಿದರೂ ಎಮಿರೇಟ್ಸ್ ಬರುವುದಿಲ್ಲ?

ರನ್‌ವೇ 24
ಬರುವುದಿಲ್ಲ. ಕಣ್ಣೂರನ್ನೇ ನೋಡಿ. 3,050 ಮೀಟರ್ ರನ್‌ವೇ, ಚೆಂದದ ಟರ್ಮಿನಲ್. ಅಲ್ಲಿಗೂ ವಿದೇಶಿ ಕಂಪನಿಗೆ ಅನುಮತಿ ಸಿಕ್ಕಿಲ್ಲ. 2018ರ ಡಿಸೆಂಬರ್‌ನಲ್ಲಿ ಶುರುವಾದಾಗಿನಿಂದ ಕೇಳುತ್ತಲೇ ಇದ್ದಾರೆ. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ವಿಮಾನ ಕಂಪನಿ ನಿಂತುಹೋದಾಗ ಅಲ್ಲಿಯವರು ಪಟ್ಟ ಪಾಡು ನೆನಪಿದೆಯಾ?

ಗಡಿನಾಡ ಕನ್ನಡಿಗ
ಕಾಸರಗೋಡಿನಿಂದ ನನ್ನ ಎರಡು ಮಾತು. ನಮಗೆ ಕಣ್ಣೂರು ನಿಲ್ದಾಣ ಹತ್ತಿರ ಅಂತ ಎಲ್ಲರೂ ತಿಳಿದಿದ್ದಾರೆ, ಹತ್ತಿರ ಅಲ್ಲವೇ ಅಲ್ಲ. ಅದಿರುವುದು ಕಣ್ಣೂರು ಪೇಟೆಯಲ್ಲಲ್ಲ, ಒಳಗೆ ಮಟ್ಟನ್ನೂರಿನಲ್ಲಿ. ನಮ್ಮಲ್ಲಿಂದ ನೂರು ಕಿಲೋಮೀಟರ್ ದಾಟುತ್ತದೆ. ಬಜ್ಪೆ ಅದರ ಅರ್ಧ. ಮಂಜೇಶ್ವರ, ಉಪ್ಪಳದವರಿಗಂತೂ ಬಜ್ಪೆ ಮನೆ ಬಾಗಿಲಲ್ಲಿದ್ದ ಹಾಗೆ. ಆದರೂ ಜನ ಆ ಕಡೆ ಹೋಗುವುದು ಟಿಕೆಟ್ ದರ ನೋಡಿ. ಗಲ್ಫ್‌ನಲ್ಲಿ ದುಡಿಯುವವನಿಗೆ ಒಂದು ಕುಟುಂಬದ ನಾಲ್ಕು ಟಿಕೆಟ್‌ನಲ್ಲಿ ಉಳಿಯುವ ದುಡ್ಡು ದೊಡ್ಡದು, ಟ್ಯಾಕ್ಸಿಗೆ ಕೊಟ್ಟರೂ ಮಿಕ್ಕುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಹೆದ್ದಾರಿ ಆರು ಪಥ ಆಯಿತು, ತಲಪಾಡಿವರೆಗೆ ಗಾಡಿ ಹಾರುತ್ತದೆ. ತಲಪಾಡಿ ಟೋಲ್ ದಾಟಿದ ಮೇಲೆ ನಂತೂರು ಸರ್ಕಲ್‌ನಲ್ಲಿ ನಿಂತು ಬೆವರುವುದು ಇದ್ದದ್ದೇ. ವಿಮಾನ ತಪ್ಪುವುದು ಅಲ್ಲಿ, ರನ್‌ವೇಯಲ್ಲಲ್ಲ.

ಪಂಪ್‌ವೆಲ್ ಪುರಾಣ
ನಂತೂರಿನ ಹೆಸರು ಎತ್ತಿದ ಪುಣ್ಯಾತ್ಮನಿಗೆ ನಮಸ್ಕಾರ. ಪಂಪ್‌ವೆಲ್ ಫ್ಲೈಓವರ್ 2020ರಲ್ಲಿ ತೆರೆಯಿತು, ಅಷ್ಟರೊಳಗೆ ಅದರ ಮೇಲೆ ಬಂದ ಜೋಕುಗಳನ್ನು ಸೇರಿಸಿದ್ದರೆ ಇನ್ನೊಂದು ಕಂಬ ಏಳುತ್ತಿತ್ತು.

ಕಾಫಿ ತೋಟ
ಕೊಡಗಿನ ಲೆಕ್ಕ ಬೇರೆ. ವಿರಾಜಪೇಟೆ, ಗೋಣಿಕೊಪ್ಪದವರಿಗೆ ಮಾಕುಟ್ಟ ಘಾಟಿ ಇಳಿದರೆ ಮಟ್ಟನ್ನೂರು. ಅವರು ಮಂಗಳೂರಿಗೆ ಬರುವ ಮಾತೇ ಇಲ್ಲ. ಮಡಿಕೇರಿ, ಸಂಪಾಜೆ ಕಡೆಯವರು ಮಾತ್ರ ಸುಳ್ಯ, ಪುತ್ತೂರು ದಾರಿಯಲ್ಲಿ ಬರುತ್ತಾರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಹತ್ತಿರ ಗುಡ್ಡ ಕುಸಿದು ಆ ರಸ್ತೆ ಮುಚ್ಚಿತಲ್ಲ, ಆಗ ಅವರೂ ಬೆಂಗಳೂರಿಗೆ ಹೋದರು. ಒಮ್ಮೆ ಬೆಂಗಳೂರು ಅಭ್ಯಾಸ ಆದವರು ಮತ್ತೆ ಈ ಕಡೆ ತಿರುಗಿ ನೋಡುವುದು ಕಷ್ಟ.

ದಮ್ಮಾಮ್ ಡೈರಿ
ನಾನು ಸೌದಿಯಲ್ಲಿ ಇರುವವನು. ಒಂದು ಮಾತು ಹೇಳಲೇಬೇಕು. ದರ ಎಲ್ಲರೂ ಮಾತಾಡುತ್ತಾರೆ, ವಿಮಾನ ದಿಢೀರ್ ರದ್ದಾಗುವುದರ ಬಗ್ಗೆ ಯಾರೂ ಮಾತಾಡುವುದಿಲ್ಲ. ತಂಗಿಯ ಮದುವೆಗೆ ಅಂತ ರಜೆ ಹಾಕಿ, ಪೆಟ್ಟಿಗೆ ಕಟ್ಟಿ, ಕೌಂಟರ್‌ಗೆ ಹೋದರೆ ಇವತ್ತು ವಿಮಾನ ಇಲ್ಲ ಅಂದರು. ಕಂಪನಿ ಹೆಸರು ಬೇಡ. ಕೊಚ್ಚಿಗೆ ಹೋಗುವ ದಾರಿ ಇದ್ದರೆ ಬೇರೆ ಕಂಪನಿಯ ವಿಮಾನ ಹತ್ತಬಹುದು. ಮಂಗಳೂರಿಗೆ ಇರುವುದೇ ಒಂದು, ಅದೂ ಹೋಯಿತು. ಬೆಂಗಳೂರಿಗೆ ಬಂದು, ರಾತ್ರಿ ಬಸ್ಸಿನಲ್ಲಿ ಶಿರಾಡಿ ಇಳಿದು, ನೇರ ಛತ್ರಕ್ಕೆ ಹೋದೆ. ಹೂವು ಮುಡಿದವರೆಲ್ಲ ನನ್ನ ಅಂಗಿ ನೋಡಿ ನಗುತ್ತಿದ್ದರು.

ಮುಂಬೈ ಕರಾವಳಿ
ಗಲ್ಫ್ ಗಲ್ಫ್ ಅಂತ ಎಲ್ಲರೂ ಮುಂಬೈಯನ್ನು ಮರೆತೇಬಿಟ್ಟಿದ್ದೀರಿ. ಈ ನಿಲ್ದಾಣ ಇಷ್ಟು ವರ್ಷ ನಡೆದದ್ದು ಮುಂಬೈಯ ಹೋಟೆಲಿನವರಿಂದ, ಬ್ಯಾಂಕಿನವರಿಂದ. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿದಾಗ ಮುಂಬೈ–ಮಂಗಳೂರು ಟಿಕೆಟ್ ದರ ಏನಾಗಿತ್ತು ಅಂತ ನಮಗೆ ಗೊತ್ತು. ಊರಲ್ಲಿ ಕೋಲ, ನೇಮ, ಬ್ರಹ್ಮಕಲಶ ಎಲ್ಲ ಒಂದೇ ಸಮಯಕ್ಕೆ ಬರುತ್ತದೆ, ಅದೇ ಸಮಯಕ್ಕೆ ದರವೂ ಏರುತ್ತದೆ.

ಹಳೇ ಆವ್ರೋ
ಇಷ್ಟು ವರ್ಷ ಅಂದಿರಲ್ಲ, ಎಷ್ಟು ವರ್ಷ ಅಂತಲೂ ತಿಳಿದುಕೊಳ್ಳಿ. ಬಜ್ಪೆ ನಿಲ್ದಾಣ ಶುರುವಾಗಿದ್ದು 1952ರಲ್ಲಿ, ನೆಹರೂ ಡಕೋಟಾ ವಿಮಾನದಲ್ಲಿ ಬಂದು ಇಳಿದಿದ್ದರು. ಆಗ ಈ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಕರ್ನಾಟಕದಲ್ಲಿ ಅಲ್ಲ. ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರ ಪಟ್ಟು ಅದು. ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು, ಪಣಂಬೂರಿನ ಬಂದರು ಎಲ್ಲದರ ಹಿಂದೆಯೂ ಅವರೇ. ನಾವು ಸಣ್ಣವರಿದ್ದಾಗ ಆವ್ರೋ ಬರುತ್ತಿತ್ತು. ಎರಡು ಪಂಖದ ವಿಮಾನ, ಅದರ ಸದ್ದು ಕೇಳಿದರೆ ಶಾಲೆಯಿಂದ ಹೊರಗೆ ಓಡಿ ಬರುತ್ತಿದ್ದೆವು.

ರನ್‌ವೇ 24
1951, ಡಿಸೆಂಬರ್ 25. ಕ್ರಿಸ್ಮಸ್ ದಿನ. ಉಳಿದದ್ದೆಲ್ಲ ಸರಿ. ಹಾಗೇ ಇನ್ನೊಂದು: ದುಬೈಗೆ ಮೊದಲ ವಿಮಾನ ಹೋಗಿದ್ದು 2006ರ ಅಕ್ಟೋಬರ್‌ನಲ್ಲಿ. ಆದರೆ "ಅಂತಾರಾಷ್ಟ್ರೀಯ" ಅಂತ ಕಾಗದದ ಮೇಲೆ ಮಾನ್ಯತೆ ಸಿಕ್ಕಿದ್ದು 2012ರ ಅಕ್ಟೋಬರ್‌ನಲ್ಲಿ. ಆರು ವರ್ಷ ಹೊರದೇಶಕ್ಕೆ ವಿಮಾನ ಹಾರಿಸಿ ಆಮೇಲೆ ಬೋರ್ಡು ಹಾಕಿದರು.

ಕೆಂಜಾರು ಗುಡ್ಡೆ
ನಿಲ್ದಾಣದ ಕೆಳಗಿನ ಊರಿನವನಾಗಿ ಬರೆಯುತ್ತಿದ್ದೇನೆ. ರನ್‌ವೇ ಉದ್ದ ಮಾಡಿ ಅಂತ ದೂರದಲ್ಲಿ ಕೂತು ಹೇಳುವುದು ಸುಲಭ. ಈ ಗುಡ್ಡದ ತುದಿಯಿಂದ ಕೆಳಗೆ ನೋಡಿದ್ದೀರಾ? ಅದ್ಯಪಾಡಿ ಕಡೆ ನೇರ ಕಂದಕ. ಅಲ್ಲಿ ಒಂದು ಮೀಟರ್ ಉದ್ದ ಬೇಕೆಂದರೆ ಕೆಳಗಿನಿಂದ ಮಣ್ಣು ತುಂಬಿಸಿ, ಗೋಡೆ ಕಟ್ಟಿ ಮೇಲೆ ತರಬೇಕು. ಅದಕ್ಕೆ ಮಣ್ಣು ಎಲ್ಲಿಂದ? ಇನ್ನೊಂದು ಗುಡ್ಡ ಅಗೆದು. ಜುಲೈ ತಿಂಗಳಲ್ಲಿ ಮೇಲಿನ ಕೆಂಪು ನೀರು ತೋಡಿನಲ್ಲಿ ಇಳಿದು ಬಂದರೆ ಅಡಿಕೆ ತೋಟದಲ್ಲಿ ಮೊಣಕಾಲು ಮಟ್ಟ ಕೆಸರು ಕೂರುತ್ತದೆ. ಮಳೆ ನಿಂತ ಮೇಲೆ ಅದು ಗಟ್ಟಿಯಾಗಿ ಸಿಮೆಂಟಿನ ಹಾಗೆ ಬಿರಿಯುತ್ತದೆ, ಹಾರೆಯಲ್ಲಿ ಎಬ್ಬಿಸಬೇಕು. ಮನೆ, ಜಾಗ ಬಿಟ್ಟುಕೊಟ್ಟವರು ಇಲ್ಲಿ ಈಗಾಗಲೇ ತುಂಬಾ ಜನ ಇದ್ದಾರೆ. ಮತ್ತೆ ಅವರನ್ನೇ ಕೇಳುತ್ತೀರಾ?

ಬಂಟ್ವಾಳಿಗ
ಇದು ನಾನು ಯೋಚಿಸಿರದ ಮುಖ. ಬರೆದದ್ದು ಒಳ್ಳೆಯದಾಯಿತು.

ಸುರತ್ಕಲ್ ಸಿವಿಲ್
ಕೆಂಜಾರಿನವರ ಕಷ್ಟ ಒಪ್ಪುತ್ತೇನೆ. ಆದರೆ ಉದ್ದದ ಮಾತು ದುಬೈಗಾಗಿ ಅಲ್ಲ, ಸುರಕ್ಷತೆಗಾಗಿ. 2010ರ ಮೇ 22 ಯಾರಿಗೂ ಮರೆಯಲು ಆಗುವುದಿಲ್ಲ. ದುಬೈಯಿಂದ ಬಂದ ವಿಮಾನ, 166 ಜನ ಇದ್ದರು, ಉಳಿದದ್ದು 8. ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆ ಆಗಿ ಬರೀ ಒಂದು ವಾರ. ರನ್‌ವೇ ಮುಗಿದ ಮೇಲೆ ವಿಮಾನ ನಿಲ್ಲಲು ಬಿಡುವ ಜಾಗ ಅಲ್ಲಿ ಆಗ 90 ಮೀಟರ್ ಇತ್ತು. ಕನಿಷ್ಠ ನಿಯಮಕ್ಕೆ ಅಷ್ಟು ಸಾಕು, ಆದರೆ ಜಗತ್ತಿನ ಶಿಫಾರಸು 240 ಮೀಟರ್. ಇನ್ನಷ್ಟು ಜಾಗ ಇದ್ದಿದ್ದರೆ ಅಂತ ಪ್ರತಿ ಸಲ ಅನಿಸುತ್ತದೆ.

ರನ್‌ವೇ 24
ಆ ವಿಚಾರಣೆಯ ವರದಿ ಓದಿದವರು ಇಲ್ಲಿ ಎಷ್ಟು ಜನ ಇದ್ದೀರಿ ಗೊತ್ತಿಲ್ಲ. ವಿಮಾನ ನೆಲ ಮುಟ್ಟಿದ್ದು ರನ್‌ವೇ ಶುರುವಿನಿಂದ ಸುಮಾರು 5,200 ಅಡಿ ದಾಟಿದ ಮೇಲೆ. ರನ್‌ವೇಯ ಒಟ್ಟು ಉದ್ದವೇ 8,000 ಅಡಿ ಚಿಲ್ಲರೆ. ಸಹ ಪೈಲಟ್ ಮತ್ತೆ ಮೇಲೇರೋಣ ಅಂತ ಹೇಳುತ್ತಲೇ ಇದ್ದರು. ಕ್ಯಾಪ್ಟನ್ ಹಾರಾಟದ ಮಧ್ಯೆ ನಿದ್ದೆ ಮಾಡಿ ಎದ್ದಿದ್ದರು, ಆ ನಿದ್ದೆಯ ಮಂಪರು ಪೂರ್ತಿ ಇಳಿದಿರಲಿಲ್ಲ ಅನ್ನುವುದೂ ವರದಿಯಲ್ಲಿದೆ. ರನ್‌ವೇ ಗಿಡ್ಡ ಅಂತ ಆದ ಅಪಘಾತ ಅಲ್ಲ ಅದು. ಟೇಬಲ್ ಟಾಪ್ ಆದ್ದರಿಂದ ತಪ್ಪಿಗೆ ಕ್ಷಮೆ ಇರಲಿಲ್ಲ, ಅಷ್ಟೆ. ಆ ಅಪಘಾತಕ್ಕೂ ಮೊದಲಿನಿಂದಲೇ ಇಲ್ಲಿ ಕ್ಯಾಪ್ಟನ್ನೇ ವಿಮಾನ ಏರಿಸಬೇಕು, ಇಳಿಸಬೇಕು ಅನ್ನುವ ನಿಯಮ ಇತ್ತು.

ಸುರತ್ಕಲ್ ಸಿವಿಲ್
ನೀವು ನನ್ನ ಮಾತನ್ನೇ ಹೇಳಿ ನನ್ನನ್ನು ಅಲ್ಲಗಳೆಯುತ್ತಿದ್ದೀರಿ. ಮನುಷ್ಯ ತಪ್ಪು ಮಾಡೇ ಮಾಡುತ್ತಾನೆ. ತಪ್ಪು ಮಾಡಿದ ಮೇಲೂ ಬದುಕುವಷ್ಟು ಜಾಗ ಇರಬೇಕು ಅನ್ನುವುದೇ ಸುರಕ್ಷತೆ. ಕೋಯಿಕ್ಕೋಡ್‌ನಲ್ಲಿ 2020ರ ಆಗಸ್ಟ್ 7ರಂದು ಮತ್ತೆ ಅದೇ ಕಥೆ, ಮಳೆ, ಉದ್ದಕ್ಕೆ ಹೋಗಿ ಇಳಿದದ್ದು, ಕೆಳಗೆ ಬಿದ್ದದ್ದು. ಅಲ್ಲಿ ರನ್‌ವೇ 2,860 ಮೀಟರ್, ನಮಗಿಂತ ಉದ್ದ. 21 ಜನ ಹೋದರು.

ಮಣ್ಣು ತುಂಬಿಸುವುದು ಕಷ್ಟ ಅಂದರೆ ಬೇರೆ ದಾರಿ ಇದೆ. ರನ್‌ವೇ ತುದಿಯಲ್ಲಿ ಹಗುರ ಕಾಂಕ್ರೀಟಿನ ಹಾಸು ಹಾಕುತ್ತಾರೆ, ಈಮಾಸ್ ಅಂತ. ವಿಮಾನ ಅದರ ಮೇಲೆ ಹೋದರೆ ಹಾಸು ಪುಡಿಯಾಗಿ ಚಕ್ರ ಹೂತುಕೊಳ್ಳುತ್ತದೆ, ವೇಗ ಕಡಿಮೆ ಆಗಿ ನಿಲ್ಲುತ್ತದೆ. ಅಮೆರಿಕದಲ್ಲಿ ಎಷ್ಟೋ ಕಡೆ ಇದೆ, ವಿಮಾನಗಳನ್ನು ನಿಲ್ಲಿಸಿಯೂ ಇದೆ. ಕಡಿಮೆ ಜಾಗದಲ್ಲಿ ಕೆಲಸ ಆಗುತ್ತದೆ. ದುಬಾರಿ, ಒಪ್ಪುತ್ತೇನೆ.

ರನ್‌ವೇ 24
ಈಮಾಸ್‌ಗೆ ನನ್ನ ವೋಟು ಇದೆ. ಉದ್ದ ಮಾಡುವ ಯೋಜನೆಯ ಹೆಸರಲ್ಲಿ ಇನ್ನೂ ಇಪ್ಪತ್ತು ವರ್ಷ ಕಾಯುವುದಕ್ಕಿಂತ ಅದು ವಾಸಿ. 2023ರಲ್ಲಿ ರನ್‌ವೇಗೆ ಹೊಸ ಡಾಂಬರು ಹಾಕಿದರು, ಮಧ್ಯದ ಗೆರೆಗೆ ದೀಪ ಬಂತು. ಅದೂ ಮಳೆಗಾಲದಲ್ಲಿ ಇಳಿಸುವವರಿಗೆ ದೊಡ್ಡ ಸಹಾಯವೇ.

ಮಲ್ಲಿಗೆ ಮನೆ
ಆ ಡಾಂಬರು ಹಾಕುವ ತಿಂಗಳುಗಳನ್ನು ನೆನಪಿಸಬೇಡಿ ಮಾರಾಯ್ರೆ! ಜನವರಿ ಕೊನೆಯಿಂದ ಶುರುಮಾಡಿದರು, ಭಾನುವಾರ ಬಿಟ್ಟು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ರನ್‌ವೇ ಬಂದ್. ನಮ್ಮದು ಶಂಕರಪುರ ಕಡೆ ಮಲ್ಲಿಗೆ. ಮೊಗ್ಗನ್ನು ಬೆಳಕು ಹರಿಯುವಾಗ ಕೊಯ್ಯಬೇಕು, ಬಾಳೆ ನಾರಿನಲ್ಲಿ ಕಟ್ಟಿ ಚೆಂಡು ಮಾಡಬೇಕು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬಾಳೆ ಎಲೆಯಲ್ಲಿ ಸುತ್ತಿ ಕೊಟ್ಟರೆ ಅಲ್ಲಿಂದ ಅದರ ಓಟ ಶುರು. ಮೊಗ್ಗು ಅರಳುವುದರೊಳಗೆ ಮುಂಬೈಯಲ್ಲೋ ದುಬೈಯಲ್ಲೋ ಯಾರದೋ ಜಡೆಗೆ ತಲುಪಬೇಕು. ಮಧ್ಯಾಹ್ನದ ವಿಮಾನ ಇಲ್ಲ ಅಂದರೆ ಇಡೀ ಲೆಕ್ಕ ತಲೆಕೆಳಗು. ಪ್ರಯಾಣಿಕರು ಒಂದು ದಿನ ಕಾಯಬಹುದು, ಮಲ್ಲಿಗೆ ಕಾಯುವುದಿಲ್ಲ.

ಬಂಟ್ವಾಳಿಗ
ಇದನ್ನೇ ನಾನು ಕೇಳಬೇಕೆಂದಿದ್ದೆ. ಸರಕಿನ ಕಥೆ ಈಗ ಹೇಗಿದೆ?

ಮಲ್ಲಿಗೆ ಮನೆ
2023ರ ಮೇ ತಿಂಗಳಿನಿಂದ ಸರಕಿಗೇ ಬೇರೆ ಟರ್ಮಿನಲ್ ಇದೆ, ಮೊದಲಿಗಿಂತ ಅನುಕೂಲ. ಆದರೆ ಹೋಗುವುದು ಅದೇ ಪ್ರಯಾಣಿಕರ ವಿಮಾನದ ಹೊಟ್ಟೆಯಲ್ಲಿ. ರಜೆ ಸಮಯದಲ್ಲಿ ಜನರ ಪೆಟ್ಟಿಗೆ ಜಾಸ್ತಿ ಆದರೆ ಹೂವಿಗೆ, ಮೀನಿಗೆ, ತರಕಾರಿಗೆ ಜಾಗ ಕಡಿಮೆ. ವಿಮಾನದ ಸಂಖ್ಯೆ ಹೆಚ್ಚಿದರೆ ಮಾತ್ರ ನಮಗೆ ಲಾಭ. ಹಾಗಾಗಿ ಈ ಜಗಳದಲ್ಲಿ ನಾನು ರನ್‌ವೇ 24 ಅವರ ಪಕ್ಷ.

ಪಂಪ್‌ವೆಲ್ ಪುರಾಣ
ಹೂವು ಹೋಗುವ ವಿಮಾನದಲ್ಲಿ ವಾಪಸ್ ಏನು ಬರುತ್ತದೆ ಅಂತಲೂ ಹೇಳಿ. ಚಿನ್ನ! ಪೇಸ್ಟ್ ಮಾಡಿ, ಒಳ ಉಡುಪಿನಲ್ಲಿ ಇಟ್ಟು, ಟ್ರಾಲಿ ಬ್ಯಾಗಿನ ಕಂಬಿಯಲ್ಲಿ ತುಂಬಿ. ನಮ್ಮ ಪೇಪರಿನಲ್ಲಿ ಕಸ್ಟಮ್ಸ್ ಫೋಟೋ ಬಾರದ ತಿಂಗಳು ಇದೆಯಾ?

ದಮ್ಮಾಮ್ ಡೈರಿ
ತಮಾಷೆ ಸರಿ. ಆದರೆ ಯಾರೋ ಒಬ್ಬ ಮಾಡುವುದಕ್ಕೆ ನಮ್ಮೆಲ್ಲರ ಬ್ಯಾಗು ಬಿಚ್ಚಿಸುತ್ತಾರೆ. ಹಗ್ಗ ಕಟ್ಟಿದ ರಟ್ಟಿನ ಪೆಟ್ಟಿಗೆ, ಮೇಲೆ ಮಾರ್ಕರ್‌ನಲ್ಲಿ ಹೆಸರು, "ಫರಂಗಿಪೇಟೆ" ಅಂತ ಊರು. ಒಳಗೆ ಹಾಲಿನ ಪುಡಿ, ಖರ್ಜೂರ, ಸೋಪು, ಮಕ್ಕಳ ಶೂ. ಬಿಚ್ಚಿದ ಮೇಲೆ ಅದನ್ನು ಮತ್ತೆ ಹಾಗೇ ಕಟ್ಟಲು ಆಗುವುದಿಲ್ಲ. ಹೊರಗೆ ಓಮ್ನಿಯಲ್ಲಿ ಎಂಟು ಜನ ಕಾಯುತ್ತಿರುತ್ತಾರೆ.

2020ರ ಮೇ 12ರಂದು ಕೊರೊನಾ ಲಾಕ್‌ಡೌನ್‌ನಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಬಂತಲ್ಲ, ಅದರಲ್ಲಿ ನಮ್ಮ ಪಕ್ಕದ ಮನೆಯ ಬಸುರಿ ಹೆಂಗಸು ಬಂದರು. ಊರಿನ ನಿಲ್ದಾಣ ಅನ್ನುವುದರ ಬೆಲೆ ಅವತ್ತು ಗೊತ್ತಾಯಿತು. ಬೆಂಗಳೂರಿಗೆ ಇಳಿಸಿದ್ದರೆ ಅವರು ಘಾಟಿ ಇಳಿದು ಬರುವುದು ಹೇಗೆ?

ಬೆಂಗಳೂರು ಬಾಡಿಗೆ
ನನ್ನದು ಬೇರೆ ಅಭಿಪ್ರಾಯ, ಬೈಯಬೇಡಿ. ವರ್ಷಕ್ಕೆ 20 ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ ಪ್ರಯಾಣಿಕರು ಇರುವ ನಿಲ್ದಾಣ ಇದು. ಅಷ್ಟಕ್ಕೆ ಈಗ ಇರುವುದು ಸಾಕಾಗಿದೆ. ಎಲ್ಲ ಊರಿಗೂ ಎಮಿರೇಟ್ಸ್ ಬರಬೇಕು ಅನ್ನುವುದು ಒಣ ಪ್ರತಿಷ್ಠೆ. ಬೆಂಗಳೂರಿಗೆ ಒಂದು ಗಂಟೆಯ ವಿಮಾನ ಇದೆ, ಅಲ್ಲಿಂದ ಜಗತ್ತಿಗೇ ಹೋಗಿ. ಅದರ ಬದಲು ಬೆಂಗಳೂರು–ಮಂಗಳೂರು ರೈಲು ವೇಗವಾಗಿ ಓಡಿಸಿದರೆ ಜಾಸ್ತಿ ಜನಕ್ಕೆ ಉಪಯೋಗ.

ಗಡಿನಾಡ ಕನ್ನಡಿಗ
ಬೆಂಗಳೂರಿನಲ್ಲಿ ಕೂತವರಿಗೆ ಎಲ್ಲವೂ ಬೆಂಗಳೂರಿನಿಂದಲೇ ಕಾಣುತ್ತದೆ. ಮಸ್ಕತ್‌ನಿಂದ ಬರುವ ಗಾರೆ ಕೆಲಸದವನು ಬೆಂಗಳೂರಿನಲ್ಲಿ ಇಳಿದು, ಐದು ಗಂಟೆ ಕಾದು, ಇನ್ನೊಂದು ಟಿಕೆಟ್ ತೆಗೆದು, ಮೂವತ್ತು ಕಿಲೋ ಬ್ಯಾಗಿನಲ್ಲಿ ಹದಿನೈದು ಕಿಲೋಗೆ ಮತ್ತೆ ದುಡ್ಡು ಕಟ್ಟಿ ಬರಬೇಕಾ?

ಮಲೆನಾಡ ಮಳೆ
ರೈಲಿನ ಮಾತು ಸರಿಯೇ ಇದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ನಡೆದುಕೊಂಡು ಹೋದ ಹಾಗೆ ಹೋಗುತ್ತದೆ. ಮಳೆಗಾಲಕ್ಕೆ ಶಿರಾಡಿ, ಚಾರ್ಮಾಡಿ ಎರಡೂ ನೆಚ್ಚಿಕೊಳ್ಳುವ ಹಾಗಿಲ್ಲ. ಆದರೆ ಅದೇ ಕಾರಣಕ್ಕೆ ವಿಮಾನವೂ ಬೇಕು. ಘಾಟಿ ಮುಚ್ಚಿದ ದಿನ ಕರಾವಳಿಯ ರೋಗಿ, ವಿದ್ಯಾರ್ಥಿ, ವ್ಯಾಪಾರಿ ಹೊರಗೆ ಹೋಗುವ ದಾರಿ ಯಾವುದು? ಮಣಿಪಾಲ, ದೇರಳಕಟ್ಟೆಯಲ್ಲಿ ಓದುವ ಉತ್ತರ ಭಾರತದ ಮಕ್ಕಳನ್ನು ಕೇಳಿ.

ಬೆಂಗಳೂರು ಬಾಡಿಗೆ
ಘಾಟಿ ಮುಚ್ಚುವಂಥ ಮಳೆಯಲ್ಲಿ ವಿಮಾನವೂ ಇಳಿಯುವುದಿಲ್ಲ ಸ್ವಾಮಿ. ಸುತ್ತು ಹಾಕಿ ಹಾಕಿ ಕೊಚ್ಚಿಗೋ ಬೆಂಗಳೂರಿಗೋ ಹೋಗುತ್ತದೆ. ನಾನೇ ಹಾಗೆ ಹೊರಟ ಜಾಗಕ್ಕೇ ವಾಪಸ್ ಬಂದಿದ್ದೇನೆ. ಬಜ್ಪೆಯ ಮೇಲೆ ಬಂದು, ಕಿಟಕಿಯಲ್ಲಿ ಬರೀ ಬಿಳಿ ಮೋಡ ನೋಡಿ, ಬೆಂಗಳೂರಿನಲ್ಲೇ ಇಳಿದು ಮನೆಗೆ ಹೋಗಿ ಮಲಗಿದೆ.

ಕೆಂಜಾರು ಗುಡ್ಡೆ
ಆ ದಿನ ನಾವು ಕೆಳಗಿನಿಂದ ಸದ್ದು ಮಾತ್ರ ಕೇಳಿರುತ್ತೇವೆ. ಬಂತು ಬಂತು ಅನ್ನುವಾಗ ಮತ್ತೆ ಜೋರಾಗಿ ಮೇಲೆ ಹೋಗುತ್ತದೆ. ಹಾಗೆ ಹೋದರೆ ನಮಗೆ ಸಮಾಧಾನವೇ, ನಿಜ ಹೇಳಬೇಕೆಂದರೆ.

ಕಾಫಿ ತೋಟ
ಖಾಸಗಿಗೆ ಕೊಟ್ಟದ್ದರ ಬಗ್ಗೆ ಯಾರೂ ಮಾತಾಡಿಲ್ಲ? 2020ರ ಅಕ್ಟೋಬರ್ 31ರಿಂದ ಅದಾನಿಯವರು ನಡೆಸುತ್ತಿದ್ದಾರೆ, 50 ವರ್ಷಕ್ಕೆ. ಟಿಕೆಟ್‌ನಲ್ಲಿ ಬಳಕೆದಾರರ ಶುಲ್ಕ ಅಂತ ಸೇರುತ್ತದಲ್ಲ, ಅದೂ ಏರಿದೆ.

ಪಂಪ್‌ವೆಲ್ ಪುರಾಣ
ಬಂತು ರಾಜಕೀಯ! ಹತ್ತಕ್ಕೆ ಬಾರದೆ ಸ್ವಲ್ಪ ತಡ ಆಯಿತು.

ರನ್‌ವೇ 24
ಆ ಶುಲ್ಕವನ್ನು ನಡೆಸುವವರು ತಮಗೆ ತೋಚಿದಷ್ಟು ಹಾಕಲು ಆಗುವುದಿಲ್ಲ, ಕೇಂದ್ರದ ದರ ಪ್ರಾಧಿಕಾರ ನಿಗದಿ ಮಾಡುತ್ತದೆ. ಹಾಕಿದ ಬಂಡವಾಳವನ್ನು ಪ್ರಯಾಣಿಕರ ಸಂಖ್ಯೆಗೆ ಹಂಚುವ ಲೆಕ್ಕ. ಸಣ್ಣ ನಿಲ್ದಾಣದಲ್ಲಿ ತಲೆಗೆ ಜಾಸ್ತಿ ಬೀಳುತ್ತದೆ. ಅಂದರೆ ಜನ ಕಣ್ಣೂರಿಗೆ ಹೋದಷ್ಟೂ ಉಳಿದವರ ಮೇಲೆ ಭಾರ. ಅದಕ್ಕೇ ನಾನು ಹೇಳುವುದು, ಸಂಸದರ ಹಿಂದೆ ಬೀಳುವುದಾದರೆ ಸೀಟಿನ ಒಪ್ಪಂದಕ್ಕಾಗಿ ಬೀಳಿ. ಮಣ್ಣು ತುಂಬಿಸುವುದಕ್ಕೆ ಸಾವಿರ ಅಡ್ಡಿ ಇದೆ, ಇದಕ್ಕೆ ದೆಹಲಿಯಲ್ಲಿ ಒಂದು ಸಹಿ ಸಾಕು.

ಸುರತ್ಕಲ್ ಸಿವಿಲ್
ಒಂದು ಸಹಿ ಅಂತ ಹಗುರ ಮಾಡಬೇಡಿ. ಸೀಟು ಬಿಟ್ಟುಕೊಟ್ಟರೆ ಭಾರತದ ಕಂಪನಿಗಳು ಬೊಬ್ಬೆ ಹಾಕುತ್ತವೆ, ಯುರೋಪಿಗೆ ಹೋಗುವವರೂ ದುಬೈ ಮೂಲಕವೇ ಹೋಗುತ್ತಾರೆ ಅಂತ. ಸರ್ಕಾರ ಇಷ್ಟು ವರ್ಷ ಹಿಡಿದುಕೊಂಡಿರುವುದು ಅದಕ್ಕೆ.

ಮುಂಬೈ ಕರಾವಳಿ
ಹೆಸರಿನ ವಿಷಯ ಏನಾಯಿತು? ಕೋಟಿ ಚೆನ್ನಯರ ಹೆಸರು ಇಡುತ್ತಾರೆ ಅಂತ ಕೇಳಿದ್ದೆ.

ಹಳೇ ಆವ್ರೋ
ಶ್ರೀನಿವಾಸ ಮಲ್ಯರ ಹೆಸರು ಇಡಬೇಕು.

ಗಡಿನಾಡ ಕನ್ನಡಿಗ
ಅಬ್ಬಕ್ಕ ರಾಣಿ. ಚರ್ಚೆಯೇ ಬೇಡ.

ನಿರ್ವಾಹಕ
ಹೆಸರಿನ ಜಗಳಕ್ಕೆ ಬೇರೆ ಎಳೆ ಇದೆ, ಅಲ್ಲಿ ಹೊಡೆದಾಡಿಕೊಳ್ಳಿ. ಇಲ್ಲಿ ಮುಂದುವರಿಸಿದರೆ ಅಳಿಸುತ್ತೇನೆ.

ಉಡುಪಿ ಕಡೆಯವ
ತಡವಾಗಿ ಓದಿದೆ. ಉಪಯೋಗದ ಒಂದು ಮಾತು ಹೇಳಿ ಹೋಗುತ್ತೇನೆ. ಉಡುಪಿಯಿಂದ ಬರುವವರು ಕೂಳೂರಿನವರೆಗೆ ಹೋಗಿ ಸಿಕ್ಕಿಹಾಕಿಕೊಳ್ಳಬೇಡಿ. ಮುಲ್ಕಿಯಲ್ಲಿ ಎಡಕ್ಕೆ ತಿರುಗಿ ಕಿನ್ನಿಗೋಳಿ, ಕಟೀಲು, ಬಜ್ಪೆ. ಕಾರ್ಕಳದವರು ಮೂಡುಬಿದಿರೆ, ಕೈಕಂಬ ದಾರಿ. ಕಟೀಲಿನಲ್ಲಿ ಶುಕ್ರವಾರ, ಮಂಗಳವಾರ ಜನ ಜಾಸ್ತಿ ಇರುತ್ತಾರೆ, ಹದಿನೈದು ನಿಮಿಷ ಕೈಯಲ್ಲಿ ಇಟ್ಟುಕೊಳ್ಳಿ.

ಕೆಂಜಾರು ಗುಡ್ಡೆ
ಮಂಗಳೂರಿನಿಂದ ಬರುವವರಿಗೆ ಮಾತ್ರ ಮರವೂರು ಸೇತುವೆ ಒಂದೇ ಗತಿ. 2021ರ ಜೂನ್‌ನಲ್ಲಿ ಅದರ ಕಂಬ ಕುಸಿದು ರಸ್ತೆ ಮುಚ್ಚಿದಾಗ ಎಲ್ಲರೂ ಸುತ್ತಿ ಬಳಸಿ ಬಂದದ್ದು ನೆನಪಿದೆಯಲ್ಲ. ಅಂತಾರಾಷ್ಟ್ರೀಯ ನಿಲ್ದಾಣ, ದಾರಿ ಹೀಗೆ.

ಮುಂಬೈ ಕರಾವಳಿ
ಸರಿ, ಒಂದು ಕೆಲಸದ ಪ್ರಶ್ನೆ. ಡಿಸೆಂಬರ್ ಕೊನೆಗೆ ಮನೆಯವರೆಲ್ಲ ಬರಬೇಕು. ಟಿಕೆಟ್ ಈಗಲೇ ತೆಗೆಯಲಾ, ಇಳಿಯಬಹುದು ಅಂತ ಕಾಯಲಾ?

ದಮ್ಮಾಮ್ ಡೈರಿ
ಕ್ರಿಸ್ಮಸ್ ಸಮಯಕ್ಕೆ ಇಳಿಯುವುದಾ? ಈಗಲೇ ತೆಗೆಯಿರಿ. ರಾತ್ರಿಯ ವಿಮಾನ ಬಿಟ್ಟು ಬೆಳಗ್ಗಿನದು ನೋಡಿ, ತಡ ಆದರೂ ಅದೇ ದಿನ ಊರು ಸೇರಬಹುದು.

ಮುಂಬೈ ಕರಾವಳಿ
ಬೆಳಗ್ಗಿನದು ಈಗಲೇ ಎರಡು ಪಟ್ಟು ತೋರಿಸುತ್ತಿದೆ. ಬಸ್ಸೇ ಗತಿ.